ಸರ್ಜರಿ ರೆಸಿಡೆನ್ಸಿ ಮಧ್ಯೆ ರಿಸರ್ಚ್‌ಗೆ ಹೋಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಜನರಲ್ ಸರ್ಜರಿ ರೆಸಿಡೆನ್ಸಿ (ಡಾಕ್ಟರ್ ಪದವಿಯ ನಂತರದ ಸ್ಪೆಷಾಲಿಟಿ ತರಬೇತಿ) ಮಾಡುತ್ತಿರುವವರು, ಆ ಸೀಟು ಹಂಚುವ ಮ್ಯಾಚ್‌ಗೆ ತಯಾರಾಗುತ್ತಿರುವವರು ನನ್ನನ್ನು ಜಾಸ್ತಿ ಕೇಳುವುದು ಇದೊಂದೇ. ಮಧ್ಯದಲ್ಲಿ ಆಪರೇಷನ್ ಥಿಯೇಟರ್ ಬಿಟ್ಟು ರಿಸರ್ಚ್‌ಗೆ ಹೋಗಬೇಕಾ, ಬೇಡವಾ? ನಾನು ಎರಡನೇ ವರ್ಷ ಮುಗಿಸಿ ಎರಡು ವರ್ಷ ಹೋಗಿದ್ದೆ. ಕಲಿತದ್ದೂ ಇದೆ, ತಿಂಗಳುಗಟ್ಟಲೆ ಸಮಯ ಕಳೆದುಕೊಂಡದ್ದೂ ಇದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಹಾಕಿದ್ದೇನೆ.

ರಿಸರ್ಚ್ ವರ್ಷ ಅಂದರೆ ನಿಜವಾಗಿ ಏನು?

ಜನರಲ್ ಸರ್ಜರಿಯಲ್ಲಿ ಐದು ವರ್ಷ ಕ್ಲಿನಿಕಲ್ ತರಬೇತಿ ಕಡ್ಡಾಯ. ಸರ್ಜನ್‌ಗಳಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಅಮೆರಿಕನ್ ಬೋರ್ಡ್ ಆಫ್ ಸರ್ಜರಿ ಲೆಕ್ಕ ಹಿಡಿಯುವುದು ಆ ಐದನ್ನೇ. ಒಟ್ಟು 850 ಆಪರೇಷನ್ ಆಗಿರಬೇಕು, ಅದರಲ್ಲಿ ಕನಿಷ್ಠ 200 ಕೊನೆಯ ವರ್ಷದಲ್ಲಿ, ಅಂದರೆ ಚೀಫ್ ವರ್ಷದಲ್ಲಿ. ರಿಸರ್ಚ್ ವರ್ಷಗಳು ಈ ಐದರೊಳಗೆ ಬರುವುದಿಲ್ಲ, ಅದರ ಮೇಲೆ ಸೇರುತ್ತವೆ. ಎರಡು ವರ್ಷ ಹೋದರೆ ನಿಮ್ಮ ರೆಸಿಡೆನ್ಸಿ ಏಳು ವರ್ಷದ್ದು.

ಕೆಲವು ದೊಡ್ಡ ಯೂನಿವರ್ಸಿಟಿ ಪ್ರೋಗ್ರಾಂಗಳಲ್ಲಿ ಇದು ಎಲ್ಲರಿಗೂ ಕಡ್ಡಾಯ. ಕೆಲವು ಕಡೆ ಬೇಕಾದವರಿಗೆ ಮಾತ್ರ. ಸಮುದಾಯ ಆಸ್ಪತ್ರೆಗಳ ಪ್ರೋಗ್ರಾಂಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ, ಆದರೂ ಪ್ರೋಗ್ರಾಂ ಡೈರೆಕ್ಟರ್ ಒಪ್ಪಿದರೆ ಬೇರೆ ಕಡೆ ಹೋಗಿ ಮಾಡಿಬಂದವರಿದ್ದಾರೆ. ನ್ಯೂರೋಸರ್ಜರಿಯ ಕಥೆ ಬೇರೆ. ಅಲ್ಲಿ ರೆಸಿಡೆನ್ಸಿಯೇ ಏಳು ವರ್ಷ, ರಿಸರ್ಚ್‌ಗೆ ಜಾಗ ಅದರೊಳಗೇ ಇರುತ್ತದೆ.

ಮ್ಯಾಚ್ ಇಂಟರ್‌ವ್ಯೂನಲ್ಲೇ ಒಂದು ಮಾತು ಕೇಳಿಬಿಡಿ: ಕಡ್ಡಾಯವಾ, ಐಚ್ಛಿಕವಾ, ಸಂಬಳ ಯಾರದ್ದು? ಉತ್ತರ ತಡವರಿಸಿ ಬಂದರೆ ಈಗಿರುವ ರೆಸಿಡೆಂಟ್‌ಗಳನ್ನು ಕೇಳಿ.

ಯಾವ ವರ್ಷ ಮುಗಿದ ಮೇಲೆ ಹೋಗುವುದು ಒಳ್ಳೆಯದು?

ಬಹುಪಾಲು ಜನ ಎರಡನೇ ಅಥವಾ ಮೂರನೇ ವರ್ಷ ಮುಗಿಸಿ ಹೋಗುತ್ತಾರೆ. ಎರಡರ ನಂತರ ಹೋದರೆ ವಾಪಸ್ ಬಂದು ಮೂರು, ನಾಲ್ಕು, ಐದು ವರ್ಷಗಳನ್ನು ಒಂದೇ ಓಟದಲ್ಲಿ ಮುಗಿಸಬಹುದು. ನಿಜವಾದ ಆಪರೇಷನ್‌ಗಳು ಇರುವುದೇ ಆ ಮೂರು ವರ್ಷಗಳಲ್ಲಿ. ಮೂರರ ನಂತರ ಹೋದರೆ ಕೈ ಸ್ವಲ್ಪ ಗಟ್ಟಿಯಾಗಿರುತ್ತದೆ, ಯಾವ ಸ್ಪೆಷಾಲಿಟಿ ಬೇಕು ಅನ್ನುವುದೂ ಗೊತ್ತಾಗಿರುತ್ತದೆ. ಆದರೆ ಬಂದ ತಕ್ಷಣ ನಾಲ್ಕನೇ ವರ್ಷದ ಹೊಣೆ ಹೆಗಲಿಗೆ ಬೀಳುತ್ತದೆ. ನನಗೆ ಕೇಳಿದರೆ ಎರಡರ ನಂತರವೇ ವಾಸಿ. ಮೊದಲ ವರ್ಷದ ನಂತರ ಮಾತ್ರ ಬೇಡ. ಆಗ ಇನ್ನೂ ವಾರ್ಡ್‌ನ ಕೆಲಸವೇ ಪೂರ್ತಿ ಹಿಡಿತಕ್ಕೆ ಸಿಕ್ಕಿರುವುದಿಲ್ಲ, ಯಾವ ಪ್ರಶ್ನೆ ಕೇಳಬೇಕು ಅನ್ನುವುದು ಎಲ್ಲಿಂದ ಹೊಳೆಯಬೇಕು?

ಸರ್ಜನ್‌ಗೆ ಇದೆಲ್ಲ ಯಾಕೆ? ಆಪರೇಷನ್ ಕಲಿತರೆ ಸಾಲದಾ?

ಸಾಲುತ್ತದೆ. ರಿಸರ್ಚ್ ಮಾಡದೆ ಅತ್ಯುತ್ತಮ ಸರ್ಜನ್ ಆದವರು ಸಾವಿರಾರು ಜನರಿದ್ದಾರೆ. ನಿಮ್ಮ ಮನಸ್ಸು ಪೂರ್ತಿ ಆಪರೇಷನ್ ಕಡೆಗೇ ಇದ್ದರೆ ಎರಡು ವರ್ಷ ಮೊದಲೇ ಮುಗಿಸಿ ಕೆಲಸಕ್ಕೆ ಹೋಗಿ. ಅದರಲ್ಲಿ ಒಂದಿಷ್ಟೂ ಕಡಿಮೆ ಇಲ್ಲ.

ಆದರೆ ಸರ್ಜರಿಯಲ್ಲಿ ಕೆಲವು ದೊಡ್ಡ ವಿಚಾರಗಳು ಹುಟ್ಟಿದ್ದೇ ತರಬೇತಿಯ ಮಧ್ಯದ ಇಂಥ ಬಿಡುವಿನಲ್ಲಿ. ಜುಡಾ ಫೋಕ್‌ಮನ್ ಬಾಸ್ಟನ್‌ನಲ್ಲಿ ರೆಸಿಡೆಂಟ್ ಆಗಿದ್ದವರು. 1960ರಲ್ಲಿ ತರಬೇತಿ ಅರ್ಧಕ್ಕೆ ನಿಲ್ಲಿಸಿ ನೌಕಾಪಡೆಯ ಸೇವೆಗೆ ಹೋಗಬೇಕಾಯಿತು, ಬೆಥೆಸ್ಡಾದ ಲ್ಯಾಬ್ ಒಂದರಲ್ಲಿ ಕೆಲಸ. ಹಡಗಿನಲ್ಲಿ ರಕ್ತಕ್ಕೆ ಬದಲಾಗಿ ಇಟ್ಟುಕೊಳ್ಳಬಹುದಾದ ದ್ರವ ಹುಡುಕುವುದು ಅವರಿಗೆ ಕೊಟ್ಟಿದ್ದ ಕೆಲಸ. ಪ್ರಾಣಿಯ ದೇಹದಿಂದ ಹೊರತೆಗೆದ ಥೈರಾಯ್ಡ್ ಗ್ರಂಥಿಗೆ ಆ ದ್ರವ ಹರಿಸಿ ಜೀವಂತ ಇಟ್ಟು, ಅದರೊಳಗೆ ಕ್ಯಾನ್ಸರ್ ಕೋಶಗಳನ್ನು ಹಾಕಿ ನೋಡಿದರು. ಗಡ್ಡೆಗಳು ಬೆಳೆದವು, ಆದರೆ ಸಣ್ಣ ಚುಕ್ಕೆಯಷ್ಟಾಗಿ ನಿಂತುಬಿಟ್ಟವು. ಅದನ್ನೇ ಇಲಿಗೆ ವಾಪಸ್ ಹಾಕಿದರೆ ದೊಡ್ಡದಾದವು. ಯಾಕೆ? ಹೊರಗಿಟ್ಟ ಗ್ರಂಥಿಯಲ್ಲಿ ಹೊಸ ರಕ್ತನಾಳ ಹುಟ್ಟುತ್ತಿರಲಿಲ್ಲ. ಆ ಒಂದು 'ಯಾಕೆ' ಅವರನ್ನು ಬಿಡಲೇ ಇಲ್ಲ. ಹೊಸ ರಕ್ತನಾಳ ಇಲ್ಲದೆ ಗಡ್ಡೆ ದೊಡ್ಡದಾಗುವುದಿಲ್ಲ ಅನ್ನುವುದನ್ನು 1971ರಲ್ಲಿ ಸಿದ್ಧಾಂತವಾಗಿ ಬರೆದರು, ವರ್ಷಗಟ್ಟಲೆ ಜನ ನಂಬಲಿಲ್ಲ. ರಕ್ತನಾಳದ ಬೆಳವಣಿಗೆ ತಡೆಯುವ ಬೆವಾಸಿಜುಮಾಬ್ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2004ರಲ್ಲಿ.

ಇನ್ನೊಬ್ಬರು ಸ್ಟ್ಯಾನ್ಲಿ ಡಡ್ರಿಕ್. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ ರೆಸಿಡೆಂಟ್ ಆಗಿದ್ದಾಗ, ಆಪರೇಷನ್ ಚೆನ್ನಾಗಿ ಆದರೂ ರೋಗಿಗಳು ಹೊಟ್ಟೆಗಿಲ್ಲದೆ ಸೊರಗಿ ಸಾಯುವುದನ್ನು ನೋಡಿದವರು. ಬೀಗಲ್ ನಾಯಿಮರಿಗಳಿಗೆ ಬರೀ ರಕ್ತನಾಳದ ಮೂಲಕವೇ ಆಹಾರ ಕೊಟ್ಟು ಬೆಳೆಸಿ ತೋರಿಸಿದರು. ಆ ಕೆಲಸ 1968ರಲ್ಲಿ ಪ್ರಕಟವಾಯಿತು. ಇವತ್ತು ನಾವು ಸಲೀಸಾಗಿ ಬರೆಯುವ ಟಿಪಿಎನ್ (ಪೂರ್ತಿ ಆಹಾರ ರಕ್ತನಾಳದ ಮೂಲಕ) ಆರ್ಡರ್ ಹಿಂದೆ ಇರುವುದು ಆ ಮರಿಗಳು.

ನಾವೆಲ್ಲ ಫೋಕ್‌ಮನ್ ಆಗುವುದಿಲ್ಲ, ಸರಿ. ಆದರೆ ವಾರ್ಡ್‌ನಲ್ಲಿ ಮತ್ತೆ ಮತ್ತೆ ಕಾಡುವ ಒಂದು 'ಯಾಕೆ' ನಿಮ್ಮಲ್ಲಿದ್ದರೆ, ವಾರಕ್ಕೆ 80 ಗಂಟೆ ದುಡಿಯುತ್ತಾ ಅದರ ಬೆನ್ನು ಹತ್ತುವುದು ಆಗದ ಮಾತು. ಅದಕ್ಕೆ ಸಮಯ ಬೇಕು. ಈ ಎರಡು ವರ್ಷ ಕೊಡುವುದು ಆ ಸಮಯವನ್ನೇ, ಬೇರೇನನ್ನೂ ಅಲ್ಲ.

ಒಳ್ಳೆ ಫೆಲೋಶಿಪ್ ಸಿಗಲಿ ಅಂತ ಮಾತ್ರ ಹೋದರೆ ತಪ್ಪಾ?

ತಪ್ಪೇನಿಲ್ಲ. ಫೆಲೋಶಿಪ್ ಅಂದರೆ ರೆಸಿಡೆನ್ಸಿ ಮುಗಿದ ಮೇಲಿನ ವಿಶೇಷ ತರಬೇತಿ. ಪೀಡಿಯಾಟ್ರಿಕ್ ಸರ್ಜರಿ, ಸರ್ಜಿಕಲ್ ಆಂಕಾಲಜಿ (ಕ್ಯಾನ್ಸರ್ ಸರ್ಜರಿ) ಬೇಕು ಅನ್ನುವವರಲ್ಲಿ ಹೆಚ್ಚಿನವರು ರಿಸರ್ಚ್ ವರ್ಷ ಮಾಡಿಯೇ ಬರುತ್ತಾರೆ. ಪೈಪೋಟಿ ಹಾಗಿದೆ. ಆದರೆ ಬರೀ ಅದಕ್ಕಾಗಿ ಹೋದವರು ಆಯ್ಕೆ ಮಾಡಿಕೊಳ್ಳುವ ವಿಷಯವೇ ಬೇರೆಯಾಗಿಬಿಡುತ್ತದೆ. ಬೇಗ ಮುಗಿಯುವ, ಸಂಖ್ಯೆ ಜಾಸ್ತಿ ಆಗುವ ಕೆಲಸಗಳನ್ನೇ ಹುಡುಕುತ್ತಾರೆ. ಇಂಟರ್‌ವ್ಯೂನಲ್ಲಿ ಎದುರಿಗೆ ಕೂತ ಹಿರಿಯ ಸರ್ಜನ್ "ಈ ಪೇಪರ್‌ನಲ್ಲಿ ನೀವು ಮಾಡಿದ್ದೇನು?" ಅಂತ ಕೇಳಿದಾಗ ಇಪ್ಪತ್ತು ಪೇಪರ್ ಇದ್ದವರೂ ತಡವರಿಸುವುದನ್ನು ನೋಡಿದ್ದೇನೆ. ಮೂರೇ ಪೇಪರ್ ಇದ್ದು, ಮೂರರ ಬಗ್ಗೆಯೂ ಹತ್ತು ನಿಮಿಷ ಕಣ್ಣು ಹೊಳೆಸಿ ಮಾತಾಡಿದವರಿಗೆ ಸೀಟು ಸಿಕ್ಕಿದ್ದನ್ನೂ ನೋಡಿದ್ದೇನೆ.

ಲ್ಯಾಬ್ ಕೆಲಸವಾ, ಡೇಟಾ ಕೆಲಸವಾ?

ಎರಡೂ ಅಲ್ಲದ ದಾರಿಗಳೂ ಇವೆ. ಸರ್ಜರಿ ಶಿಕ್ಷಣ, ಹೊಸ ಉಪಕರಣಗಳ ವಿನ್ಯಾಸ, ಜಾಗತಿಕ ಸರ್ಜರಿ. ಕೆಲವರು ಈ ಎರಡು ವರ್ಷದಲ್ಲಿ ಪಬ್ಲಿಕ್ ಹೆಲ್ತ್‌ನಲ್ಲಿ ಮಾಸ್ಟರ್ಸ್ ಮುಗಿಸುತ್ತಾರೆ. ಫೀಸು ಬೇರೆ ಯಾರಾದರೂ ಕಟ್ಟುತ್ತಿದ್ದರೆ ಖಂಡಿತ ಮಾಡಿ. ಅಂಕಿಅಂಶ ಶಾಸ್ತ್ರ ಕ್ರಮವಾಗಿ ಕಲಿಯಲು ಅದಕ್ಕಿಂತ ಒಳ್ಳೆ ಅವಕಾಶ ಮತ್ತೆ ಬರುವುದಿಲ್ಲ.

ಡೇಟಾ ಕೆಲಸ ಅಂದರೆ ದೊಡ್ಡ ದಾಖಲೆಗಳಿಂದ ಉತ್ತರ ಹುಡುಕುವುದು. ಎನ್‌ಎಸ್‌ಕ್ವಿಪ್ ಅನ್ನುವ ದಾಖಲೆಯಲ್ಲಿ ಆಪರೇಷನ್ ಆದ 30 ದಿನಗಳ ಫಲಿತಾಂಶ ಇರುತ್ತದೆ. ಕ್ಯಾನ್ಸರ್‌ಗೆ ಸೀರ್ ಮತ್ತು ನ್ಯಾಷನಲ್ ಕ್ಯಾನ್ಸರ್ ಡೇಟಾಬೇಸ್ ಇವೆ. ಇಲ್ಲಿ ಲಾಭ ಏನೆಂದರೆ ಎರಡು ವರ್ಷದೊಳಗೆ ಕೆಲಸ ಮುಗಿಯುವ ಖಾತ್ರಿ ಜಾಸ್ತಿ, ಕ್ಲಿನಿಕಲ್ ವರ್ಷಕ್ಕೆ ವಾಪಸ್ ಹೋದ ಮೇಲೂ ಲ್ಯಾಪ್‌ಟಾಪ್‌ನಲ್ಲಿ ಮುಂದುವರಿಸಬಹುದು. ಅಪಾಯ ಏನೆಂದರೆ ಡೇಟಾ ಕೈಯಲ್ಲಿದೆ ಅಂತ ಪ್ರಶ್ನೆ ಹುಡುಕಲು ಶುರು ಮಾಡುವುದು. 30 ದಿನದ ಡೇಟಾ ಇಟ್ಟುಕೊಂಡು ಐದು ವರ್ಷದ ಮೇಲೆ ಹರ್ನಿಯಾ ಮರುಕಳಿಸುತ್ತದಾ ಅಂತ ಕೇಳಲು ಆಗುವುದಿಲ್ಲ ಅಲ್ವಾ. ಪ್ರಶ್ನೆ ಮೊದಲು, ಆಮೇಲೆ ಡೇಟಾ.

ಇದೇ ಗುಂಪಿಗೆ ಸೇರಿದ ಕ್ಲಿನಿಕಲ್ ಟ್ರಯಲ್‌ಗಳೂ ಇವೆ. 2016ರಲ್ಲಿ ಪ್ರಕಟವಾದ, 'ಫಸ್ಟ್' ಅನ್ನುವ ಹೆಸರಿನ ಟ್ರಯಲ್ ನೋಡಿ. 117 ಜನರಲ್ ಸರ್ಜರಿ ಪ್ರೋಗ್ರಾಂಗಳನ್ನು ಎರಡು ಗುಂಪು ಮಾಡಿ, ರೆಸಿಡೆಂಟ್‌ಗಳ ಡ್ಯೂಟಿ ಗಂಟೆಯ ನಿಯಮ ಸಡಿಲಿಸಿದರೆ ರೋಗಿಗಳಿಗೆ ತೊಂದರೆ ಆಗುತ್ತದಾ ಅಂತ ನೋಡಿದರು. ರೋಗಿಗಳ ಫಲಿತಾಂಶ ಕೆಟ್ಟಿರಲಿಲ್ಲ. ನಮ್ಮದೇ ಬದುಕಿನ ಪ್ರಶ್ನೆಗೆ ನಮ್ಮದೇ ಕ್ಷೇತ್ರದವರು ಹೀಗೆ ಉತ್ತರ ಹುಡುಕಿದ್ದು ನನಗೆ ಬಹಳ ಇಷ್ಟ.

ನಾನು ಹೋಗಿದ್ದು ಲ್ಯಾಬ್‌ಗೆ. ಇಲಿಯ ಲಿವರ್‌ನ ಮೂರನೇ ಎರಡು ಭಾಗ ತೆಗೆದು, ಉಳಿದದ್ದು ಹೇಗೆ ಮತ್ತೆ ಬೆಳೆಯುತ್ತದೆ ಎಂದು ನೋಡುವ ಕೆಲಸ. ವಾರ, ಹತ್ತು ದಿನದಲ್ಲಿ ಲಿವರ್ ಹಳೆಯ ತೂಕಕ್ಕೆ ಬಂದುಬಿಡುತ್ತದೆ, ನೋಡಿದವರಿಗೇ ಗೊತ್ತು ಅದು ಎಂಥ ಅಚ್ಚರಿ ಅಂತ. ಮೊದಲ ದಿನ ಮೇಜಿನ ಮೇಲೆ 22 ಗ್ರಾಂ ತೂಕದ ಇಲಿ. ಮೂಗಿಗೆ ಅರಿವಳಿಕೆ ಕೊಡುವ ಐಸೋಫ್ಲುರೇನ್‌ನ ಪುಟ್ಟ ಕೊಳವೆ, ಕೆಳಗೆ ಬೆಚ್ಚಗಿನ ಪ್ಯಾಡ್. ಅದರ ಮೈಯಲ್ಲಿ ಇರುವ ರಕ್ತವೇ ಎರಡು ಮಿಲಿಲೀಟರ್‌ಗಿಂತ ಕಡಿಮೆ. ಮನುಷ್ಯರ ಆಪರೇಷನ್‌ನಲ್ಲಿ ಗಾಜ್‌ನಿಂದ ಒರೆಸಿ ಮುಂದೆ ಹೋಗುವಷ್ಟು ರಕ್ತ, ಇಲ್ಲಿ ಹೋದರೆ ಪ್ರಾಣ ಹೋಯಿತು. ಒದ್ದೆ ಹತ್ತಿಕಡ್ಡಿಯಿಂದ ಲಿವರ್‌ನ ಹಾಲೆ ಮೇಲೆತ್ತಿ, ಬುಡಕ್ಕೆ ರೇಷ್ಮೆ ದಾರ ಸುತ್ತಿ ಗಂಟು ಬಿಗಿದೆ. ಕೂದಲೆಳೆಯಷ್ಟು ಜಾಸ್ತಿ ಎಳೆದಿದ್ದೆ, ದೊಡ್ಡ ಸಿರೆ ಇರುಕಿಕೊಂಡಿತು, ಇಲಿ ಉಳಿಯಲಿಲ್ಲ. ಮೊದಲ ಎರಡು ವಾರ ಹೀಗೇ. ಆಮೇಲೆ ಬೆರಳಿಗೆ ಗೊತ್ತಾಯಿತು, ಎಲ್ಲಿ ನಿಲ್ಲಿಸಬೇಕು ಅಂತ. ಇವತ್ತಿಗೂ ದೊಡ್ಡ ಲಿವರ್ ಆಪರೇಷನ್‌ನಲ್ಲಿ ದಾರ ಬಿಗಿಯುವಾಗ ಆ ಬೆರಳಿನ ನೆನಪೇ ಕೆಲಸ ಮಾಡುತ್ತದೆ.

ಲ್ಯಾಬ್ ನಿಧಾನ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ಸಮಿತಿಯ ಒಪ್ಪಿಗೆ ಬೇಕು, ಅದಕ್ಕೇ ತಿಂಗಳುಗಳು ಹಿಡಿಯಬಹುದು. ಪ್ರಯೋಗ ಕೈಕೊಟ್ಟರೆ ಮೊದಲಿಂದ ಶುರು. ಒಂದೇ ವರ್ಷ ಇರುವವರು ಹೊಸ ಲ್ಯಾಬ್ ಪ್ರಾಜೆಕ್ಟ್ ಮುಟ್ಟಲೇಬೇಡಿ.

ಮೆಂಟರ್ ಹೇಗೆ ಹುಡುಕುವುದು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ಎರಡು ವರ್ಷ ಚೆನ್ನಾಗಿ ಆಗುವುದೋ ಹಾಳಾಗುವುದೋ ನಿರ್ಧಾರ ಆಗುವುದು ಇಲ್ಲೇ. ಯೂನಿವರ್ಸಿಟಿಯ ಹೆಸರು, ಲ್ಯಾಬ್‌ನ ಉಪಕರಣ, ಪ್ರಾಜೆಕ್ಟ್‌ನ ಶೀರ್ಷಿಕೆ ಎಲ್ಲ ಆಮೇಲಿನ ಮಾತು.

ದೊಡ್ಡ ಹೆಸರಿನವರ ಹಿಂದೆ ಹೋಗುವುದು ಸಹಜ. ನಾನೂ ಹೋದೆ. ಮೊದಲ ಐದು ತಿಂಗಳು ನಾನು ಸೇರಿದ್ದ ಕಡೆ ಹಿರಿಯರಿಗೆ ಪ್ರಯಾಣ, ಸಭೆ, ಆಡಳಿತ. ಅವರನ್ನು ಎದುರಿಗೆ ಕಂಡದ್ದು ಮೂರು ಸಲ. ಕೆಟ್ಟವರಲ್ಲ, ಸಮಯವೇ ಇರಲಿಲ್ಲ. ನಾನು ಬರೆದ ಕರಡು ಏಳು ವಾರ ಅವರ ಮೇಲ್‌ನಲ್ಲೇ ಕೂತಿತ್ತು. ಕೊನೆಗೆ ಧೈರ್ಯ ಮಾಡಿ ಅವರ ಬಳಿಯೇ ಹೋಗಿ ವಿಷಯ ಹೇಳಿದೆ. ಅವರೇ ಪಕ್ಕದ ಲ್ಯಾಬ್‌ನ, ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿದ್ದ ಕಿರಿಯ ಸರ್ಜನ್ ಒಬ್ಬರಿಗೆ ನನ್ನನ್ನು ಒಪ್ಪಿಸಿದರು. ಇವರು ಪ್ರತಿ ಗುರುವಾರ ಬೆಳಗ್ಗೆ ಏಳಕ್ಕೆ ಕೂರುತ್ತಿದ್ದರು, ಒಂದು ವಾರವೂ ತಪ್ಪಿಸಲಿಲ್ಲ. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ನನ್ನ ಮೊದಲ ಕರಡನ್ನು ಸಾಲು ಸಾಲಾಗಿ ಓದಿದರು. "ಈ ವಾಕ್ಯ ಯಾಕಿದೆ? ತೆಗೆದರೆ ಏನು ಹೋಗುತ್ತೆ?" ಬರೀ ಈ ಎರಡು ಪ್ರಶ್ನೆ. ಮೂರು ಪುಟ ಇದ್ದದ್ದು ಒಂದೂವರೆ ಆಯಿತು. ನಾನು ಬರೆಯಲು ಕಲಿತದ್ದು ಆ ಬೆಳಗ್ಗೆ.

ಹಾಗಾಗಿ ಒಪ್ಪುವ ಮೊದಲು ಆ ಲ್ಯಾಬ್‌ನಿಂದ ಈಗಾಗಲೇ ಹೊರಬಂದ ರೆಸಿಡೆಂಟ್‌ಗಳಿಗೆ ಫೋನ್ ಮಾಡಿ. ಮೇಲ್ ಬೇಡ, ಫೋನ್. ಬರಹದಲ್ಲಿ ಯಾರೂ ನಿಜ ಹೇಳುವುದಿಲ್ಲ. ವಾರಕ್ಕೆ ಎಷ್ಟು ಸಲ ಮಾತಿಗೆ ಸಿಗುತ್ತಿದ್ದರು, ಕರಡು ಎಷ್ಟು ದಿನದಲ್ಲಿ ವಾಪಸ್ ಬರುತ್ತಿತ್ತು, ಮೊದಲ ಲೇಖಕರ ಸ್ಥಾನ ಯಾರಿಗೆ ಸಿಗುತ್ತಿತ್ತು, ಹಿಂದಿನವರು ಈಗ ಎಲ್ಲಿದ್ದಾರೆ. ಇಷ್ಟು ಕೇಳಿದರೆ ಸಾಕು. ಉತ್ತರ ಕೊಡುವ ಮೊದಲು ಅವರು ಎಷ್ಟು ಹೊತ್ತು ಸುಮ್ನಿದ್ದರು ಅನ್ನುವುದನ್ನೂ ಗಮನಿಸಿ.

ಹಣ ಇದೆಯಾ ಅನ್ನುವುದೂ ಮುಖ್ಯ. ಲ್ಯಾಬ್‌ನ ಗ್ರಾಂಟ್ ನಿಮ್ಮ ಎರಡನೇ ವರ್ಷದ ಮಧ್ಯದಲ್ಲಿ ಮುಗಿಯುತ್ತದಾ ಅಂತ ನೇರವಾಗಿ ಕೇಳಿ. ಇದು ಅಗೌರವ ಅಲ್ಲ, ಒಳ್ಳೆ ಮೆಂಟರ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ದೊಡ್ಡವರು ಬೇಡವೇ ಬೇಡ ಅಂತಲ್ಲ. ದಿನನಿತ್ಯ ಕೈ ಹಿಡಿದು ನಡೆಸುವವರು ಒಬ್ಬರು, ಬಾಗಿಲು ತೆರೆಸುವ ಹಿರಿಯರು ಒಬ್ಬರು, ಇಬ್ಬರೂ ಇದ್ದರೆ ಅದೃಷ್ಟ. ಒಬ್ಬರೇ ಅಂದರೆ ಮೊದಲನೆಯವರನ್ನು ಹಿಡಿಯಿರಿ.

ಸಂಬಳ ಯಾರು ಕೊಡುತ್ತಾರೆ?

ರೆಸಿಡೆಂಟ್ ತರಬೇತಿಯ ಖರ್ಚಿಗೆ ಆಸ್ಪತ್ರೆಗಳಿಗೆ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್‌ನಿಂದ ಹಣ ಬರುತ್ತದೆ. ಆ ಲೆಕ್ಕ ನಿಂತಿರುವುದು ಬಹುಪಾಲು ರೋಗಿಗಳ ಆರೈಕೆಯ ಮೇಲೆ, ಲ್ಯಾಬ್‌ನಲ್ಲಿ ಕೂತ ಸಮಯದ ಮೇಲಲ್ಲ. ಹಾಗಾಗಿ ನಿಮ್ಮ ಸಂಬಳಕ್ಕೆ ಬೇರೆ ಕಡೆಯಿಂದ ಹಣ ಹೊಂದಿಸಬೇಕು. ಕೆಲವು ಡಿಪಾರ್ಟ್‌ಮೆಂಟ್‌ಗಳು ತಾವೇ ಕೊಡುತ್ತವೆ, ಕೆಲವು ಕಡೆ ಮೆಂಟರ್‌ನ ಗ್ರಾಂಟ್‌ನಿಂದ.

ವೈದ್ಯಕೀಯ ರಿಸರ್ಚ್‌ಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್. ಅದು ಕೊಡುವ ಗ್ರಾಂಟ್‌ಗಳಲ್ಲಿ ಎರಡು ಮುಖ್ಯ. ಟಿ32 ಸಂಸ್ಥೆಗೆ ಸಿಗುವಂಥದ್ದು, ಅವರು ತಮ್ಮೊಳಗೆ ಆರಿಸಿ ಸೀಟು ಕೊಡುತ್ತಾರೆ. ಎಫ್32 ನಿಮ್ಮ ಹೆಸರಿನಲ್ಲೇ ಬರುವಂಥದ್ದು, ಅರ್ಜಿ ನೀವೇ ಬರೆಯಬೇಕು. ಮಾಮೂಲಿ ಗಡುವುಗಳು ಏಪ್ರಿಲ್ 8, ಆಗಸ್ಟ್ 8, ಡಿಸೆಂಬರ್ 8. ಅರ್ಜಿ ಹಾಕಿದ ದಿನದಿಂದ ಹಣ ಶುರುವಾಗಲು ಏಳೆಂಟು ತಿಂಗಳಾದರೂ ಬೇಕು, ಮೊದಲ ಸಲಕ್ಕೆ ಸಿಗದೆ ತಿದ್ದಿ ಹಾಕುವುದೂ ಮಾಮೂಲು. ಜುಲೈಯಲ್ಲಿ ರಿಸರ್ಚ್ ಶುರು ಅಂದರೆ ಅದರ ಹಿಂದಿನ ವರ್ಷವೇ ಬರೆಯಲು ಕೂರಬೇಕು. ರಾತ್ರಿ ಡ್ಯೂಟಿ ಮುಗಿಸಿ ಗ್ರಾಂಟ್ ಬರೆಯುವುದು ಕಷ್ಟವೇ, ಆದರೆ ಬರೆದವರಿಗೆ ಲ್ಯಾಬ್‌ಗೆ ಕಾಲಿಡುವ ಮೊದಲೇ ಪ್ರಶ್ನೆ ಸ್ಪಷ್ಟವಾಗಿರುತ್ತದೆ.

ಈ ಎರಡಕ್ಕೂ ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಮೊದಲ 12 ತಿಂಗಳ ಹಣಕ್ಕೆ ಒಂದು ಋಣವೂ ಇದೆ: ಅಷ್ಟೇ ತಿಂಗಳು ರಿಸರ್ಚ್ ಅಥವಾ ಬೋಧನೆ ಮಾಡಿ ತೀರಿಸಬೇಕು. ಎರಡನೇ ವರ್ಷವೂ ಅದೇ ಹಣದಲ್ಲಿ ಮುಂದುವರಿದರೆ ಅದರಲ್ಲೇ ತೀರಿಹೋಗುತ್ತದೆ. ಎರಡು ವರ್ಷ ಇರುವವರು ಇದಕ್ಕೆ ಹೆದರಬೇಕಿಲ್ಲ.

ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ರೆಸಿಡೆಂಟ್‌ಗಳಿಗೆ ಅಂತಲೇ ಎರಡು ವರ್ಷದ ರಿಸರ್ಚ್ ಸ್ಕಾಲರ್‌ಶಿಪ್ ಕೊಡುತ್ತದೆ. ಅಸೋಸಿಯೇಷನ್ ಫಾರ್ ಅಕಾಡೆಮಿಕ್ ಸರ್ಜರಿಯೂ ರೆಸಿಡೆಂಟ್‌ಗಳ ಪರವಾಗಿ ಇರುವ ಸಂಸ್ಥೆ. ಅವರು ಸೊಸೈಟಿ ಆಫ್ ಯೂನಿವರ್ಸಿಟಿ ಸರ್ಜನ್ಸ್ ಜೊತೆ ಸೇರಿ ನಡೆಸುವ ಅಕಾಡೆಮಿಕ್ ಸರ್ಜಿಕಲ್ ಕಾಂಗ್ರೆಸ್‌ನಲ್ಲಿ ಮಾತಾಡುವವರಲ್ಲಿ ನಮ್ಮಂಥ ರೆಸಿಡೆಂಟ್‌ಗಳೇ ಬಹಳ. ಮೊದಲ ಸಲ ವೇದಿಕೆ ಹತ್ತಲು ಒಳ್ಳೆ ಜಾಗ.

ತೆರಿಗೆ, ಸಾಲದ ಕಂತು ಇವುಗಳ ಗತಿ?

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಟಿ32, ಎಫ್32ನಲ್ಲಿ ಸಿಗುವುದು ಸಂಬಳ ಅಲ್ಲ, ಸ್ಟೈಪೆಂಡ್. ತೆರಿಗೆ ಕಟ್ಟಬೇಕು, ಆದರೆ ಹಲವು ಕಡೆ ಅದನ್ನು ಮೊದಲೇ ಹಿಡಿದುಕೊಳ್ಳುವುದಿಲ್ಲ. ಮೂರು ತಿಂಗಳಿಗೊಮ್ಮೆ ನೀವೇ ಅಂದಾಜು ತೆರಿಗೆ ಕಟ್ಟಬೇಕಾಗಬಹುದು. ಮರೆತರೆ ಏಪ್ರಿಲ್‌ನಲ್ಲಿ ದಂಡ ಸಮೇತ ದೊಡ್ಡ ಮೊತ್ತ.

ಓದಿನ ಸಾಲಕ್ಕೆ ಇರುವ ಪಬ್ಲಿಕ್ ಸರ್ವಿಸ್ ಸಾಲಮನ್ನಾ ಯೋಜನೆಯಲ್ಲಿ ಇರುವವರಿಗೆ 120 ಕಂತುಗಳ ಲೆಕ್ಕ ನಡೆಯುತ್ತಿರುತ್ತದೆ, ಅಷ್ಟು ಕಟ್ಟಿದರೆ ಉಳಿದದ್ದು ಮನ್ನಾ. ಅದಕ್ಕೆ ನೀವು ಅರ್ಹ ಸಂಸ್ಥೆಯ ಪೂರ್ಣಾವಧಿ ಉದ್ಯೋಗಿ ಆಗಿರಬೇಕು. ಸ್ಟೈಪೆಂಡ್ ಪಡೆಯುವವರು ಉದ್ಯೋಗಿ ಅಂತ ಲೆಕ್ಕಕ್ಕೆ ಬರುತ್ತಾರಾ ಅನ್ನುವುದನ್ನು ಎಚ್‌ಆರ್‌ನಿಂದ ಬರಹದಲ್ಲಿ ತೆಗೆದುಕೊಳ್ಳಿ. ಹಾಗೆಯೇ ಹೆಲ್ತ್ ಇನ್ಶೂರೆನ್ಸ್ ಮೊದಲಿನದೇ ಮುಂದುವರಿಯುತ್ತದಾ ಅಂತಲೂ.

ರಿಸರ್ಚ್ ಮಾಡುವವರ ಸಾಲ ತೀರಿಸಲು ಎನ್‌ಐಎಚ್‌ನದೇ ಒಂದು ಯೋಜನೆ ಇದೆ, ವರ್ಷಕ್ಕೆ 50,000 ಡಾಲರ್‌ವರೆಗೆ. ಇದೂ ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಸಾಲದ ಹೊರೆ ಇದ್ದವರು ನೋಡದೆ ಬಿಡಬೇಡಿ.

ನಾನು ವೀಸಾದಲ್ಲಿದ್ದೇನೆ. ಹೋಗಬಹುದಾ?

ಹೋದವರಿದ್ದಾರೆ, ಆದರೆ ಮೊದಲು ವರ್ಷಗಳನ್ನು ಕೂಡಿಸಿ ನೋಡಿ. ಜೆ-1 (ತರಬೇತಿಗೆ ಬಂದವರ ವೀಸಾ) ವೈದ್ಯರಿಗೆ ಒಟ್ಟು ಮಿತಿ ಸಾಮಾನ್ಯವಾಗಿ ಏಳು ವರ್ಷ. ಐದು ಕ್ಲಿನಿಕಲ್, ಎರಡು ರಿಸರ್ಚ್, ಅಲ್ಲಿಗೆ ಏಳು. ಎಲ್ಲವೂ ಅದೇ ಜೆ-1ರಲ್ಲಿ ಆದರೆ ಫೆಲೋಶಿಪ್‌ಗೆ ಜಾಗ ಎಲ್ಲಿ? ಎಚ್-1ಬಿಯಲ್ಲಿ ಮಾಮೂಲಿ ಮಿತಿ ಆರು ವರ್ಷ, ಏಳು ವರ್ಷದ ರೆಸಿಡೆನ್ಸಿಯೇ ಅದರಲ್ಲಿ ಹಿಡಿಸುವುದಿಲ್ಲ. ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತಕ್ಕೆ ಬಂದಿದ್ದರೆ ಮಾತ್ರ ಮುಂದೆ ವಿಸ್ತರಿಸಬಹುದು. ಜೊತೆಗೆ ಕೆಲಸದ ಸ್ವರೂಪ ಕ್ಲಿನಿಕಲ್‌ನಿಂದ ರಿಸರ್ಚ್‌ಗೆ ಬದಲಾದಾಗ ಅರ್ಜಿಯನ್ನೇ ತಿದ್ದಬೇಕಾಗಬಹುದು.

ಆಸ್ಪತ್ರೆಯಲ್ಲಿ ಜೆ-1ರ ಕಾಗದ ಪತ್ರ ನೋಡುವ, ಆ ವೀಸಾದ ಪ್ರಾಯೋಜಕ ಸಂಸ್ಥೆಯಾದ ಇಸಿಎಫ್‌ಎಂಜಿ ಜೊತೆ ವ್ಯವಹರಿಸುವ ಒಬ್ಬರು ಇರುತ್ತಾರೆ. ರಿಸರ್ಚ್‌ನ ಯೋಚನೆ ಬಂದ ವಾರವೇ ಅವರ ಬಳಿ ಹೋಗಿ. ಆಮೇಲೆ ಒಬ್ಬ ಇಮಿಗ್ರೇಷನ್ ವಕೀಲರ ಬಳಿ, ಆಸ್ಪತ್ರೆಯ ವಕೀಲರಲ್ಲ, ನಿಮ್ಮ ಪರವಾಗಿ ಯೋಚಿಸುವ ವಕೀಲರು. ಹಿರಿಯ ರೆಸಿಡೆಂಟ್ ಹೇಳಿದರು ಅಂತ ವೀಸಾ ವಿಷಯದಲ್ಲಿ ಹೆಜ್ಜೆ ಇಡಬೇಡಿ, ಅವರ ಕೇಸು ಬೇರೆ, ನಿಮ್ಮದು ಬೇರೆ. ಇದನ್ನು ಸರಿಯಾಗಿ ನೋಡಿಕೊಳ್ಳದೆ ಒಳ್ಳೊಳ್ಳೆಯವರ ಯೋಜನೆ ಕೊನೇ ತಿಂಗಳಲ್ಲಿ ಮುರಿದುಬಿದ್ದದ್ದು ನೋಡಿ ಸಂಕಟ ಆಗಿದೆ.

ಮೂನ್‌ಲೈಟಿಂಗ್ (ಬಿಡುವಿನಲ್ಲಿ ಹಣಕ್ಕಾಗಿ ಹೆಚ್ಚುವರಿ ಡ್ಯೂಟಿ) ಮಾಡಬಹುದಾ?

ಜೆ-1ರಲ್ಲಿ ಇಲ್ಲ. ಉಳಿದವರು ಪ್ರೋಗ್ರಾಂ ಒಪ್ಪಿದರೆ, ರಾಜ್ಯದ ಲೈಸೆನ್ಸ್ ಇದ್ದರೆ ಮಾಡಬಹುದು, ಬಹಳ ಜನ ಐಸಿಯು ರಾತ್ರಿ ಪಾಳಿ ಮಾಡುತ್ತಾರೆ. ದುಡ್ಡೂ ಬರುತ್ತದೆ, ರೋಗಿಗಳ ಸಂಪರ್ಕವೂ ಉಳಿಯುತ್ತದೆ. ತಿಂಗಳಿಗೆ ಎರಡು ಮೂರು ಪಾಳಿ ಸರಿ. ವಾರಕ್ಕೆ ಎರಡು ಅಂದರೆ ರಿಸರ್ಚ್ ಹೋಯಿತು ಅಂತಲೇ.

ಕೈ ಮರೆತುಹೋಗುತ್ತಾ?

ಎಲ್ಲರಿಗೂ ಇರುವ ಭಯ. ಪೂರ್ತಿ ಮರೆಯುವುದಿಲ್ಲ, ನಿಧಾನ ಆಗುತ್ತದೆ. ಕೈಗಿಂತ ಮೊದಲು ಹೋಗುವುದು ಆತ್ಮವಿಶ್ವಾಸ, ಮತ್ತೆ ಆರ್ಡರ್ ಬರೆಯುವ ವೇಗ, ಔಷಧಿಯ ಡೋಸು, ಇಂಥ ಸಣ್ಣಪುಟ್ಟವು.

ನಾನು ಮಾಡಿದ್ದು ಇಷ್ಟು. ಸಿಮ್ಯುಲೇಷನ್ ಲ್ಯಾಬ್‌ನ ಲ್ಯಾಪ್ರೊಸ್ಕೋಪಿ ಪೆಟ್ಟಿಗೆಯಲ್ಲಿ ವಾರಕ್ಕೆ ಒಂದು ಗಂಟೆ. ಎಫ್‌ಎಲ್‌ಎಸ್ (ಲ್ಯಾಪ್ರೊಸ್ಕೋಪಿಯ ಮೂಲ ಕೌಶಲ) ಪರೀಕ್ಷೆಯಲ್ಲಿ ಬರುವ ಗೂಟ ದಾಟಿಸುವುದು, ವೃತ್ತ ಕತ್ತರಿಸುವುದು, ಒಳಗೇ ಗಂಟು ಹಾಕುವುದು. ಗಡಿಯಾರ ಇಟ್ಟುಕೊಂಡು ಮಾಡಿ, ಸಮಯ ಬರೆದಿಡಿ. ಆ ಪರೀಕ್ಷೆ ಹೇಗೂ ಬೋರ್ಡ್‌ಗೆ ಕಡ್ಡಾಯ, ಇದೇ ಸಮಯದಲ್ಲಿ ಮುಗಿಸಿಬಿಟ್ಟರೆ ಒಂದು ಭಾರ ಇಳಿಯಿತು. ಪ್ರತಿ ಜನವರಿಯಲ್ಲಿ ಸರ್ಜರಿ ರೆಸಿಡೆಂಟ್‌ಗಳು ಬರೆಯುವ ಆಬ್‌ಸೈಟ್ ಪರೀಕ್ಷೆಯನ್ನೂ ಬಿಡಬೇಡಿ. ಅಂಕ ಚೆನ್ನಾಗಿ ಬರಲು ಇದಕ್ಕಿಂತ ಬಿಡುವಾದ ವರ್ಷ ಸಿಗದು. ವಾಪಸ್ ಹೋಗುವುದಕ್ಕೆ ಮುಂಚಿನ ಒಂದು ತಿಂಗಳು ವಾರಕ್ಕೆ ಎರಡು ದಿನ ರೌಂಡ್ಸ್‌ಗೆ ಹೋಗಿ, ಕೇಸ್‌ಗಳಲ್ಲಿ ಸುಮ್ನೆ ನಿಂತು ನೋಡಿ.

ಒಂದು ವರ್ಷ ಸಾಕಾ, ಎರಡು ಬೇಕಾ?

ಡೇಟಾ ಈಗಾಗಲೇ ಕೈಯಲ್ಲಿದ್ದು, ಒಪ್ಪಿಗೆಗಳೆಲ್ಲ ಸಿಕ್ಕಿದ್ದರೆ ಒಂದು ಸಾಕು. ಇಲ್ಲದಿದ್ದರೆ ಎರಡು. ಮೂರನೆಯದು ಪಿಎಚ್‌ಡಿ ಮಾಡುವವರಿಗೆ, ಅಥವಾ ಜೀವಮಾನ ಲ್ಯಾಬ್ ನಡೆಸುವ ಆಸೆ ಇರುವವರಿಗೆ ಮಾತ್ರ.

ಮಗು ಮಾಡಿಕೊಳ್ಳಲು ಇದು ಸರಿಯಾದ ಸಮಯವಾ?

ಬಹಳ ರೆಸಿಡೆಂಟ್‌ಗಳು ಈ ವರ್ಷಗಳಲ್ಲೇ ತಾಯಿ, ತಂದೆ ಆಗುತ್ತಾರೆ. ರಾತ್ರಿ ಕರೆ ಇಲ್ಲ, ಸಮಯ ನಿಮ್ಮ ಕೈಯಲ್ಲಿ. ಒಳ್ಳೆಯದೇ. ಆದರೆ ರಜೆಯ ನಿಯಮ ಮೊದಲೇ ತಿಳಿದುಕೊಳ್ಳಿ, ಸ್ಟೈಪೆಂಡ್‌ಗೂ ಸಂಬಳಕ್ಕೂ ರಜೆಯ ನಿಯಮ ಒಂದೇ ಇರುವುದಿಲ್ಲ. ಮೆಂಟರ್‌ಗೆ ಬೇಗ ಹೇಳಿ. ಮತ್ತೆ, ರಿಸರ್ಚ್ ವರ್ಷ ಅಂದರೆ ಬಿಡುವಿನ ವರ್ಷ, ಮನೆಯದೆಲ್ಲ ನೀವೇ ನೋಡಿಕೊಳ್ಳಬಹುದು ಅಂತ ಮನೆಯವರು ಅಂದುಕೊಂಡುಬಿಡುತ್ತಾರೆ. ಅದು ಕೆಲಸವೇ, ಪೂರ್ತಿ ಕೆಲಸ, ಅಂತ ಮೊದಲ ವಾರವೇ ಕೂತು ಮಾತಾಡಿಕೊಳ್ಳಿ.

ಆರು ತಿಂಗಳಾಯಿತು, ಏನೂ ಆಗಿಲ್ಲ. ಹೆದರಿಕೆ ಆಗುತ್ತಿದೆ.

ಮೊದಲ ಸೋಮವಾರ ಬೆಳಗ್ಗೆ ನನಗೆ ಐದಕ್ಕೇ ಎಚ್ಚರ ಆಯಿತು. ಸೊಂಟದಲ್ಲಿ ಪೇಜರ್ ಇಲ್ಲ, ಕೈ ಎರಡು ಸಲ ಅಲ್ಲಿಗೇ ಹೋಯಿತು. ಹತ್ತು ಗಂಟೆಯವರೆಗೂ ಯಾರೂ ನನ್ನನ್ನು ಕರೆಯಲಿಲ್ಲ. ಎರಡು ವರ್ಷ ಪ್ರತಿ ಗಂಟೆಯೂ ಯಾರೋ ಕೊಟ್ಟ ಕೆಲಸ ಮುಗಿಸಿ, ಗುರುತು ಹಾಕಿ ಅಭ್ಯಾಸ ಆದವರಿಗೆ ಈ ಖಾಲಿತನ ತಡೆಯಲು ಆಗುವುದಿಲ್ಲ. ಸಂಜೆ ಮನೆಗೆ ಹೋಗುವಾಗ ಇವತ್ತು ಏನೂ ಮಾಡಲಿಲ್ಲ ಅನ್ನಿಸುತ್ತದೆ. ಇದು ಎಲ್ಲರಿಗೂ ಆಗುತ್ತದೆ. ಕೆಲವರಿಗೆ ಮಾತ್ರ ಮನಸ್ಸು ಪೂರ್ತಿ ಕುಸಿಯುತ್ತದೆ, ನಿದ್ದೆ ಹಾಳಾಗುತ್ತದೆ. ಆಗ ಸುಮ್ನಿರಬೇಡಿ, ಆಸ್ಪತ್ರೆಯಲ್ಲಿ ರೆಸಿಡೆಂಟ್‌ಗಳಿಗೆ ಅಂತ ಇರುವ ಆಪ್ತಸಮಾಲೋಚಕರನ್ನು ಕಾಣಿ.

ಕೆಲಸದ ಮಟ್ಟಿಗೆ ನನಗೆ ಉಪಯೋಗ ಆದದ್ದು ಎರಡು. ಬೆಳಗ್ಗೆ ಮೊದಲ ಎರಡು ಗಂಟೆ ಬರವಣಿಗೆಗೆ ಮಾತ್ರ, ಮೇಲ್ ತೆರೆಯುವಂತಿಲ್ಲ. ಇನ್ನೊಂದು, ನಿಧಾನದ ಒಂದು ದೊಡ್ಡ ಪ್ರಾಜೆಕ್ಟ್ ಪಕ್ಕದಲ್ಲಿ ಬೇಗ ಮುಗಿಯುವ ಒಂದು ಸಣ್ಣದು. ದೊಡ್ಡದು ಕೈಕೊಟ್ಟ ತಿಂಗಳಲ್ಲಿ ಸಣ್ಣದು ಧೈರ್ಯ ಕೊಡುತ್ತದೆ.

ಆರು ತಿಂಗಳಲ್ಲಿ ಮೆಂಟರ್ ಜೊತೆಗೇ ಹೊಂದಿಕೆ ಆಗುತ್ತಿಲ್ಲ ಅಂತಾದರೆ ಬದಲಾಯಿಸಿ. ಹದಿನೆಂಟು ತಿಂಗಳು ಇನ್ನೂ ಇದೆ. ಹನ್ನೆರಡನೇ ತಿಂಗಳಲ್ಲಿ ಬದಲಾಯಿಸುವುದು ಇದರ ಎರಡರಷ್ಟು ಕಷ್ಟ.

ಪೇಪರ್‌ನಲ್ಲಿ ಯಾರ ಹೆಸರು ಮೊದಲು ಅನ್ನುವ ಜಗಳ ಬಂದರೆ?

ಬರುವ ಮೊದಲೇ ಮಾತಾಡಿ. ಪ್ರಾಜೆಕ್ಟ್ ಶುರುವಾಗುವ ದಿನ ಯಾರು ಏನು ಮಾಡುತ್ತಾರೆ, ಹೆಸರು ಯಾವ ಕ್ರಮದಲ್ಲಿ ಅನ್ನುವುದನ್ನು ಒಂದು ಮೇಲ್‌ನಲ್ಲಿ ಬರೆದು ಎಲ್ಲರಿಗೂ ಕಳಿಸಿ. ಕೆಲಸ ಮಾಡದವರ ಹೆಸರು ಸೇರಿಸಿ ಅಂತ ಯಾರಾದರೂ ಹೇಳಿದರೆ, ಲೇಖಕರಾಗಲು ಏನೇನು ಮಾಡಿರಬೇಕು ಅಂತ ಐಸಿಎಂಜೆಇ (ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿ) ನಿಯಮದಲ್ಲೇ ಇದೆ. ವಿನಯದಿಂದ ಅದನ್ನು ಮುಂದಿಡಿ.

ವಾಪಸ್ ಹೋದ ಮೇಲೆ ಹೇಗಿರುತ್ತದೆ?

ನಿಮ್ಮ ಜೊತೆ ಇಂಟರ್ನ್ (ಮೊದಲ ವರ್ಷದ ರೆಸಿಡೆಂಟ್) ಆಗಿದ್ದು ರಿಸರ್ಚ್‌ಗೆ ಹೋಗದವರು ಈಗ ಚೀಫ್. ನೀವು ಕಲಿಸಿದ ಇಂಟರ್ನ್ ಈಗ ನಿಮಗಿಂತ ಒಂದು ವರ್ಷ ಮುಂದೆ. ಮೊದಲ ಎರಡು ವಾರ ಇದು ಚುಚ್ಚುತ್ತದೆ, ಆಮೇಲೆ ಮರೆತೇ ಹೋಗುತ್ತದೆ.

ಚುಚ್ಚುತ್ತಲೇ ಇರುವುದು ಮುಗಿಯದ ಪೇಪರ್‌ಗಳು. ಕ್ಲಿನಿಕಲ್ ವರ್ಷ ಶುರುವಾಗುವ ಜುಲೈ 1ಕ್ಕೆ ಬರೆಯದೆ ಉಳಿದದ್ದು ಬಹುಶಃ ಉಳಿದೇ ಹೋಗುತ್ತದೆ, ಹಾಗಾಗಿ ಕೊನೆಯ ಮೂರು ತಿಂಗಳು ಹೊಸ ಪ್ರಯೋಗ ಶುರು ಮಾಡಬೇಡಿ, ಎಷ್ಟೇ ಆಸೆ ಆದರೂ. ಇರುವುದನ್ನು ಬರೆದು ಕಳಿಸಿ. ನೋಟ್‌ಬುಕ್, ಕೋಡ್, ಫ್ರೀಜರ್‌ನಲ್ಲಿರುವ ಸ್ಯಾಂಪಲ್‌ಗಳ ಪಟ್ಟಿ ಎಲ್ಲವನ್ನೂ ಮುಂದೆ ಬರುವವರಿಗೆ ಅರ್ಥ ಆಗುವ ಹಾಗೆ ಬರೆದಿಡಿ. ನಾನು ಮೂರು ಡಬ್ಬಿಗಳ ಮೇಲೆ ದಿನಾಂಕ ಮಾತ್ರ ಬರೆದು, ಇಲಿಯ ಸಂಖ್ಯೆ ಬರೆಯುವುದನ್ನು ಬಿಟ್ಟಿದ್ದೆ. ಮುಂದಿನ ರೆಸಿಡೆಂಟ್ ಫೋನ್ ಮಾಡಿ ಕೇಳಿದಾಗ ನಾನು ಟ್ರಾಮಾ ಕಾಲ್‌ನಲ್ಲಿದ್ದೆ, ನೆನಪಾಗಲಿಲ್ಲ. ಆ ಸ್ಯಾಂಪಲ್‌ಗಳನ್ನು ಬಿಸಾಡಬೇಕಾಯಿತು. ಡಬ್ಬಿಯ ಮೇಲೆ ಎರಡನ್ನೂ ಬರೆಯಿರಿ, ಅಳಿಯದ ಪೆನ್ನಿನಲ್ಲಿ.